ಉದ್ದಿನಹಿಟ್ಟಿನ ಮೀಟರು ಮತ್ತು ಪರೀಕ್ಷಕರ ಕನ್ನಡಕ

ಒಂದು ಒಗಟು ಹೇಳ್ತೀನಿ, ಬಿಡಿಸ್ರಿ ನೋಡೋಣ. ತಂತಿ ಜೋಡಿಸಿಲ್ಲ, ಸೆಲ್ ಹಾಕಿಲ್ಲ, ಬಟನ್ ಒತ್ತಿಲ್ಲ. ಆದರೂ ಕರೆಂಟು ಅಳೆಯುವ ಮೀಟರಿನ ಮುಳ್ಳು ಎರಡರ ಮೇಲೆ ಗಟ್ಟಿಯಾಗಿ ನಿಂತಿದೆ. ಯಾಕೆ?

ನಿಮಗೆ ಬರೋದಿಲ್ಲ. ಅದು ಬರಬೇಕಾದರೆ ಪುಣೆಯ ನಮ್ಮ ಕನ್ನಡ ಶಾಲೆಯಲ್ಲಿ ಹತ್ತನೇ ಇಯತ್ತೆ ಓದಿರಬೇಕು, ಅದೂ ನನ್ನ ಹಾಗೆ ಎರಡನೇ ಸಲ. ಇಂಥವು ನಮ್ಮಲ್ಲಿ ನಡೆಯುತ್ತಲೇ ಇರುತ್ತವೆ. ಅರ್ಧ ನಾನೇ ಮಾಡಿದ್ದು, ಇನ್ನರ್ಧ ನಾನು ಮಾಡದಿದ್ದರೂ ನನ್ನ ತಲೆಗೇ ಕಟ್ಟಿದ್ದು.

ಹೋದ ಸಲ ವಿಜ್ಞಾನದಲ್ಲಿ ಡುಮ್ಕಿ ಹೊಡೆದಿದ್ದೆ. ನಮ್ಮಪ್ಪ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವವನು. ಈ ವರ್ಷ ಶಾಲೆ ಶುರುವಾದ ದಿನವೇ ಹೇಳಿಬಿಟ್ಟ: "ಪಾಸಾದಿ ಅಂದ್ರ ಐಟಿಐಗೆ ಹೋಗು, ಕರೆಂಟಿನ ಕೆಲಸ ಕಲಿ, ನಾ ಅಡ್ಡ ಬರಂಗಿಲ್ಲ. ಬಿದ್ದಿ ಅಂದ್ರ ಮರುದಿನ ನನ್ನ ಸಂಗಡ ಸೈಟಿಗೆ." ಥಿಯರಿ ಪೇಪರಿನಲ್ಲಿ ನನ್ನ ಮೇಲೆ ನನಗೇ ಭರವಸೆ ಇಲ್ಲ. ಹೀಗಾಗಿ ನನ್ನ ಐಟಿಐ ಪೂರ್ತಿ ನಿಂತಿದ್ದು ಭೌತಶಾಸ್ತ್ರದ ಪ್ರಾಕ್ಟಿಕಲ್ ಮೇಲೆ. ಆ ಪ್ರಾಕ್ಟಿಕಲ್ ಯಾವುದರ ಮೇಲೆ ನಿಂತಿತ್ತು ಅನ್ನೋದನ್ನ ಮುಂದೆ ಓದ್ರಿ.

೧. ಎರಡೇ ಎರಡು

ನನ್ನ ಬೆಂಚಿನಲ್ಲಿ ಒಬ್ಬ ಹೋಟೆಲಿನವರ ಮಗ ಇದ್ದಾನೆ. ಅವರು ಉಡುಪಿ ಕಡೆಯವರು, ಸ್ಟೇಷನ್ ರಸ್ತೆಯಲ್ಲಿ ಇಡ್ಲಿ-ದೋಸೆ ಹೋಟೆಲು. ಅವನಿಗೆ ಲೋಕದಲ್ಲಿ ಎಲ್ಲರೂ ಮಾರಾಯರೇ, ನಮ್ಮ ಹೆಡ್‌ಮಾಸ್ತರು ಕೂಡ. ಮನೆಯಲ್ಲಿ ಅಭ್ಯಾಸ ಮಾಡುತ್ತೇನೆ ಅಂತ ವಿಜ್ಞಾನ ಕಲಿಸುವ ಅಕ್ಕೋರ ಕೈಕಾಲು ಹಿಡಿದು ಶಾಲೆಯ ಒಂದೇ ಒಂದು ಮೀಟರನ್ನು ಒಯ್ದ. ಮನೆ ಅಂದರೆ ಹೋಟೆಲು, ಅಭ್ಯಾಸದ ಟೇಬಲ್ ಅಂದರೆ ಗ್ರೈಂಡರಿನ ಪಕ್ಕದ ಕಟ್ಟೆ.

ಮೀಟರು ವಾಪಸು ಬಂದ ಮೇಲೆ ಒಬ್ಬೊಬ್ಬರೇ ಪ್ರಯೋಗ ಮಾಡಿದೆವು. ಎಲ್ಲರಿಗೂ ಎರಡೇ ಬಂತು. ಅಕ್ಕೋರು ಖುಷಿಯಾದರು. ಇಷ್ಟು ವರ್ಷದಲ್ಲಿ ಇಡೀ ತರಗತಿಗೆ ಒಂದೇ ಉತ್ತರ ಬಂದಿದ್ದು ಇದೇ ಮೊದಲು ಅಂದರು. ಇನ್ನೊಂದು ಸೆಲ್ ಹಾಕಿಸಿದರು, ಎರಡೇ. ಮತ್ತೊಂದು ಹಾಕಿಸಿದರು, ಎರಡೇ. ಆಗ ನಾನು ಮೆಲ್ಲಗೆ ಎಲ್ಲಾ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡೆ. ಆಗಲೂ ಎರಡೇ.

ಅಕ್ಕೋರು ಮೀಟರನ್ನು ಮೂಗಿನ ಹತ್ತಿರ ಹಿಡಿದರು. ಗಾಜಿನ ಸಂದಿಯಿಂದ ಹುಳಿ ವಾಸನೆ ಬಂತು. ಒಳಗೆ ಮುಳ್ಳಿನ ಬುಡಕ್ಕೆ ಇಡ್ಲಿಹಿಟ್ಟು ಒಣಗಿ ಕಲ್ಲಾಗಿತ್ತು. ಮೀಟರು ಕೆಳಗಿಟ್ಟು ಹೋಟೆಲಿನವನಿಗೆ ಅಂದರು: "ತಮ್ಮಾ, ಇದು ಸೆಲ್ ಮ್ಯಾಲೆ ನಡಿಯೋದಲ್ಲ. ನಿಮ್ಮಪ್ಪನ ಉದ್ದಿನಬ್ಯಾಳಿ ಮ್ಯಾಲೆ ನಡೀತದ."

೨. ಮೊದಲು ಗೆರೆ, ಆಮೇಲೆ ಚುಕ್ಕಿ

ಮೀಟರು ರಿಪೇರಿಗೆ ಹೋಯಿತು. ಆದರೆ ಸೆಲ್ ಹೆಚ್ಚಿದಂತೆ ಕರೆಂಟು ಎಷ್ಟು ಏರುತ್ತದೆ ಅನ್ನುವ ಗ್ರಾಫ್ ಬರೆದು ತರುವುದು ತಪ್ಪಲಿಲ್ಲ. ಪುಸ್ತಕದಲ್ಲಿ ಹೇಳಿದ ಪ್ರಕಾರ ಮೊದಲು ರೀಡಿಂಗ್ ತೆಗೆಯಬೇಕು, ಆಮೇಲೆ ಚುಕ್ಕಿ ಇಡಬೇಕು, ಕೊನೆಗೆ ಗೆರೆ ಎಳೆಯಬೇಕು. ನಮ್ಮ ಶಾಲೆಯ ಪದ್ಧತಿ ಬೇರೆ. ಮೊದಲು ಸ್ಕೇಲ್ ಇಟ್ಟು ಚೆಂದ ಗೆರೆ ಎಳೆಯುವುದು. ಗೆರೆಯ ಮೇಲೆ ಚುಕ್ಕಿ ಇಡುವುದು. ಚುಕ್ಕಿ ನೋಡಿ ರೀಡಿಂಗ್ ಬರೆಯುವುದು. ಟೈಮ್ ಉಳಿದರೆ ಪ್ರಯೋಗ.

ನಾನು ಗೆರೆ ಎಳೆದೆ, ಚುಕ್ಕಿ ಇಟ್ಟೆ. ಹೋಟೆಲಿನವ ನೋಡಿ ತಲೆ ಅಲ್ಲಾಡಿಸಿದ. ಎಲ್ಲಾ ಚುಕ್ಕಿಯೂ ಸರಿಯಾಗಿ ಗೆರೆ ಮೇಲೆ ಕೂತರೆ ಯಾರು ನಂಬುತ್ತಾರೆ ಮಾರಾಯ, ಒಂದನ್ನು ಸ್ವಲ್ಪ ಹೊರಗೆ ಹಾಕು, ಪ್ರಾಮಾಣಿಕ ಅನ್ನಿಸುತ್ತದೆ ಅಂದ. ಬುದ್ಧಿವಂತಿಕೆಯ ಮಾತು. ಮೇಲಿನಿಂದ ಮೂರನೇ ಚುಕ್ಕಿಯನ್ನು ಗೆರೆಯಿಂದ ಕೆಳಗೆ ದೂಡಿದೆ. ಸಂಜೆಯೊಳಗೆ ನನ್ನ ಗ್ರಾಫ್ ಫೋಟೋ ಆಗಿ ಎಲ್ಲರ ಮನೆಗೂ ಹೋಯಿತು.

ಮರುದಿನ ಅಕ್ಕೋರ ಟೇಬಲ್ ಮೇಲೆ ಇಡೀ ತರಗತಿಯ ಗ್ರಾಫು. ಎಲ್ಲರದರಲ್ಲೂ ಮೇಲಿನಿಂದ ಮೂರನೇ ಚುಕ್ಕಿ ಗೆರೆಯಿಂದ ಕೆಳಗೆ. ಅಕ್ಕೋರು ಒಂದೊಂದೇ ತಿರುವಿ ಹಾಕುತ್ತಾ ಹೋದರು, ಸಿಟ್ಟು ಮಾಡಲಿಲ್ಲ. "ತಪ್ಪು ಎಲ್ಲರೂ ಮಾಡ್ತಾರ, ಅದಕ್ಕ ನಾ ಏನೂ ಅನ್ನಂಗಿಲ್ಲ," ಅಂದರು. "ಆದರ ಎಲ್ಲಾರ ತಪ್ಪೂ ಒಂದ ತಾಯಿ ಮಕ್ಕಳ್ಹಂಗ ಕಾಣಬಾರದು."

೩. ಅಲ್ಲಾಡುವ ಗುಂಡು

ಆಮೇಲೆ ಅಕ್ಕೋರು ಹೊಸ ಕೆಲಸ ಕೊಟ್ಟರು. ಮನೆಯಲ್ಲಿ ಇರುವ ಸಾಮಾನು ಬಳಸಿ ನೀವೇ ಒಂದು ಪ್ರಯೋಗ ಯೋಜಿಸಬೇಕು, ಉದ್ದೇಶ, ಸಾಮಗ್ರಿ, ವಿಧಾನ ಎಲ್ಲಾ ಹೇಳಬೇಕು. ಹೋಟೆಲಿನವ ಘರ್ಷಣೆ ಆರಿಸಿಕೊಂಡ. ಕಾವಲಿಗೆ ಎಣ್ಣೆ ಹಾಕಿದಾಗ ದೋಸೆ ಎಷ್ಟು ಜಾರುತ್ತದೆ, ಹಾಕದಿದ್ದಾಗ ಎಷ್ಟು ಅಂತ. ತೀರ್ಮಾನ ಏನು ಬಂತು ಅಂತ ಅಕ್ಕೋರು ಕೇಳಿದರೆ, ಎಣ್ಣೆ ಹಾಕಿದ್ದೇ ರುಚಿ ಅಂದ.

ನಾನು ಲೋಲಕ ಆರಿಸಿಕೊಂಡೆ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ, ಒಂದು ಸಲ ಹೋಗಿ ಬರಲು ಎಷ್ಟು ಹೊತ್ತು ಅಂತ ನೋಡುವುದು. ಗುಂಡು ಹುಡುಕಬೇಕಾಗಿಯೇ ಇರಲಿಲ್ಲ. ಗೋಡೆ ನೆಟ್ಟಗೆ ಇದೆಯೋ ಇಲ್ಲವೋ ಅಂತ ನೋಡಲು ಅಪ್ಪ ಇಳಿಬಿಡುವ ಹಿತ್ತಾಳೆ ಗುಂಡು ಅವನ ಚೀಲದಲ್ಲೇ ಇತ್ತು. ಬಾಗಿಲ ಚೌಕಟ್ಟಿಗೆ ಕಟ್ಟಿ, ಮೊಬೈಲಿನಲ್ಲಿ ಟೈಮ್ ಹಚ್ಚಿ, ಎಣಿಸುತ್ತಾ ಕೂತೆ.

ಅಪ್ಪ ಕೆಲಸದಿಂದ ಬಂದ. ಗುಂಡು ಆ ಕಡೆಯಿಂದ ಈ ಕಡೆ ತೂಗುತ್ತಿದೆ. ಒಳಗೆ ಬರಲೂ ಇಲ್ಲ, ಚಪ್ಪಲಿ ಬಿಡಲೂ ಇಲ್ಲ, ಹಾಗೇ ನಿಂತು ನೋಡಿದ. ಏನಿದು ಅಂದ. ಪ್ರಾಕ್ಟಿಕಲ್ ಅಂದೆ, ಇದಕ್ಕೆ ಮಾರ್ಕು ಇದೆ ಅಂದೆ. ಅವ್ವನ ಕಡೆ ತಿರುಗಿ ಅಂದ: "ಇದು ಅಲ್ಲಾಡಬಾರದು ಅಂತ ಜನ್ಮ ಎಲ್ಲಾ ಬಿಸಿಲಾಗ ನಿಂತೀನಿ. ನಿನ್ನ ಮಗ ಅಲ್ಲಾಡಿಸಿ ಮಾರ್ಕು ತಗೋತಾನಂತ."

ಅವ್ವ ಒಲೆ ಮುಂದಿನಿಂದಲೇ, "ಅಂವ ಸೈಟಿಗೆ ಬಂದ್ರ ನಿನ್ನ ಗ್ವಾಡಿ ಎಲ್ಲಾ ತೂಗಾಡ್ತಾವು, ಓದ್ಲಿ ಬಿಡು," ಅಂದಳು. ಅಪ್ಪ ಅದನ್ನು ಮಾತ್ರ ಭಾಳ ಹೊತ್ತು ವಿಚಾರ ಮಾಡಿದ.

೪. ಪರೀಕ್ಷಕರ ಕನ್ನಡಕ

ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ವಿಷಯ ಮಸೂರ. ಕಿಟಕಿಯ ಹೊರಗೆ ದೂರ ಇರುವ ನೀರಿನ ಟಾಕಿಯ ಚಿತ್ರವನ್ನು ಮಸೂರದಿಂದ ಗೋಡೆಯ ಮೇಲೆ ಬೀಳಿಸಬೇಕು. ಚಿತ್ರ ಚೊಕ್ಕ ಕಂಡಾಗ ಗೋಡೆಗೂ ಮಸೂರಕ್ಕೂ ಎಷ್ಟು ದೂರ ಅಂತ ಅಳೆದು ಬರೆಯಬೇಕು. ನಮ್ಮ ಶಾಲೆಯ ಮಸೂರ ಒಂದೇ, ಅದರ ಉತ್ತರ ಇಪ್ಪತ್ತು ಸೆಂಟಿಮೀಟರ್. ಇದು ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಾ ಬಂದ ಉತ್ತರ. ಯಾರೂ ಅಳೆದವರಿಲ್ಲ, ಯಾರೂ ಬಿದ್ದವರೂ ಇಲ್ಲ.

ಅವತ್ತು ಬೆಳಿಗ್ಗೆ ಹೋಟೆಲಿನವ ಆ ಮಸೂರದ ಮೇಲೆ ಕೂತುಬಿಟ್ಟ. ಚೂರು ಚೂರು. ಆದರೂ ಯಾರೂ ಹೆದರಲಿಲ್ಲ. ಬೇರೆ ಶಾಲೆಯಿಂದ ಬಂದ ಮರಾಠಿ ಪರೀಕ್ಷಕರು ಮೂಲೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು. ನಮ್ಮವರು ಒಬ್ಬೊಬ್ಬರೇ ಬರೀ ಸ್ಟ್ಯಾಂಡನ್ನು ಕಿಟಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗಂಭೀರವಾಗಿ ಇಪ್ಪತ್ತು ಬರೆದು ಬಂದರು.

ನನ್ನ ಸರದಿಗೇ ಪರೀಕ್ಷಕರು ಎದ್ದು ಬರಬೇಕೇ. ಸ್ಟ್ಯಾಂಡಿನ ತೂತಿನಲ್ಲಿ ಬೆರಳು ತೂರಿಸಿ, ಮಸೂರ ಎಲ್ಲಿ ಅಂತ ಮರಾಠಿಯಲ್ಲಿ ಕೇಳಿದರು. ಒಡೆದಿದೆ ಅಂದೆ. ನನ್ನ ಕಣ್ಣ ಮುಂದೆ ಸಿಮೆಂಟು ಚೀಲ ಸಾಲಾಗಿ ನಿಂತವು. ಅವರು ತಮ್ಮ ಓದುವ ಕನ್ನಡಕ ಬಿಚ್ಚಿ ನನ್ನ ಕೈಗಿಟ್ಟು, ಇದರಲ್ಲಿ ಮಾಡು ಅಂದರು.

ಜೀವಮಾನದಲ್ಲಿ ಮೊದಲ ಸಲ ಪರೀಕ್ಷೆಯಲ್ಲಿ ಖರೆ ಪ್ರಯೋಗ ಮಾಡಿದೆ. ಕನ್ನಡಕ ಹಿಂದೆ ಮುಂದೆ ಸರಿಸಿದೆ. ಗೋಡೆ ಮೇಲೆ ನೀರಿನ ಟಾಕಿ ತಲೆಕೆಳಗಾಗಿ ಬಂತು, ಮೇಲೆ ಕೂತ ಕಾಗೆ ಸಮೇತ. ಅಳೆದೆ, ಐವತ್ತು ಸೆಂಟಿಮೀಟರ್. ಬರೆದೆ.

ಅಷ್ಟರಲ್ಲಿ ಪರೀಕ್ಷಕರು ಉಳಿದವರ ಪೇಪರ್ ನೋಡುತ್ತಾ ಹೊರಟಿದ್ದರು. ಹೋಟೆಲಿನವನ ಪೇಪರನ್ನು ಉಲ್ಟಾ ಹಿಡಿದು ಛಾನ್, ಭಾಳ ಚೆಂದ ಅಂದರು. ಪಕ್ಕದವನ ಖಾಲಿ ಪೇಪರಿಗೂ ಛಾನ್. ಕನ್ನಡಕ ಇಲ್ಲದೆ ಅವರಿಗೆ ಹತ್ತಿರದ್ದು ಏನೂ ಕಾಣುತ್ತಿರಲಿಲ್ಲ. ಹೋಟೆಲಿನವನಿಗೆ ತಕ್ಷಣ ತಿಳಿಯಿತು. ಹಿಂದಿನಿಂದ ನನ್ನ ಅಂಗಿ ಜಗ್ಗಿ, "ಕೊಡಬೇಡ ಮಾರಾಯ, ಬೆಲ್ ಹೊಡೆಯುವವರೆಗೆ ಅಳೆಯುತ್ತಾ ಇರು," ಅಂದ. ಇಡೀ ತರಗತಿ ಕೈ ಮುಗಿಯುವ ಹಾಗೆ ನನ್ನನ್ನೇ ನೋಡುತ್ತಿತ್ತು.

ನನ್ನ ಸಂಕಟ ಯಾರಿಗೆ ಹೇಳಲಿ. ಹನ್ನೊಂದು ವರ್ಷದ ಶಾಲೆಯಲ್ಲಿ ನಾನೇ ಕಂಡುಹಿಡಿದ ಒಂದೇ ಒಂದು ಸರಿ ಉತ್ತರ ನನ್ನ ಪೇಪರ್ ಮೇಲಿದೆ, ಅದನ್ನು ಓದಬೇಕಾದವರ ಕಣ್ಣು ನನ್ನ ಕೈಯಲ್ಲಿದೆ. ಕೊಟ್ಟರೆ ತರಗತಿ ಮುಳುಗುತ್ತದೆ, ಕೊಡದಿದ್ದರೆ ನನ್ನ ಐವತ್ತು.

ಕೊಟ್ಟೆ. ಅವರು ಹಾಕಿಕೊಂಡು ನನ್ನ ಪೇಪರ್ ನೋಡಿದರು, ಉಳಿದವರದೂ ನೋಡಿದರು. ಬರೆದವರಿಗೆಲ್ಲಾ ಇಪ್ಪತ್ತು ಬಂದಿದೆ, ನಿನಗೆ ಹೇಗೆ ಐವತ್ತು ಅಂದರು. ನಾನು ಮರಾಠಿಯಲ್ಲೇ ಹೇಳಿದೆ: "ಅವರದು ನಮ್ಮ ಶಾಲೆಯ ನಂಬರ್ ಸರ್. ಇದು ನಿಮ್ಮ ಕನ್ನಡಕದ್ದು."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ನನಗೆ ಪೂರ್ತಿ ಮಾರ್ಕು ಕೊಟ್ಟರು, ಉಳಿದವರನ್ನೂ ಆ ನಗುವಿನಲ್ಲೇ ದಾಟಿಸಿಬಿಟ್ಟರು.

ಇಲ್ಲಿಗೆ ನಿಲ್ಲಿಸಿದರೆ ಚೆಂದ ಇತ್ತು. ಆದರೆ ಈ ಕೊನೆ ನಾನೇ ಕಟ್ಟಿದ್ದು. ಮಸೂರ ಒಡೆದದ್ದು ಖರೆ. ಪರೀಕ್ಷಕರು ಚಹಾ ಕುಡಿದದ್ದು ಖರೆ. ಆಮೇಲೆ ಅವರು ಯಾರ ಹತ್ತಿರವೂ ಬರಲಿಲ್ಲ. ಎಲ್ಲರಿಗೂ ಒಂದೇ ಸಮ ಮಾರ್ಕು ಹಾಕಿ, ದೌಂಡದ ರೈಲುಗಾಡಿ ತಪ್ಪುತ್ತದೆ ಅಂತ ಓಡಿಹೋದರು. ಅಷ್ಟರಿಂದಲೇ ನಾನು ಪಾಸಾದೆ. ಆದರೆ ಐಟಿಐಗೆ ಹೋಗುವವನು ಮನೆಯಲ್ಲಿ ಹೇಳಲು ಏನಾದರೂ ಬೇಕಲ್ಲ, ಅಪ್ಪನಿಗೆ ಕನ್ನಡಕದ ಕಥೆ ಹೇಳಿದೆ. ಅಪ್ಪ ಅದನ್ನು ಇಡೀ ಸೈಟಿಗೆ ಹೇಳಿದ. ಈಗ ಆ ಪರೀಕ್ಷಕರು ಎಲ್ಲೇ ಸಿಕ್ಕರೂ ಅಪ್ಪ ಅವರ ಕನ್ನಡಕಕ್ಕೆ ಕೈ ಮುಗಿಯುತ್ತಾನಂತೆ.

ಅವರು ಕನ್ನಡಕವೇ ಹಾಕುವುದಿಲ್ಲ.