ಕಡತಕ್ಕೆ ಸೇರಿದ ಕೊನೆಯ ಅಧ್ಯಾಯ

ಗುಮಾಸ್ತನ ಗ್ರಹಚಾರ ಕೆಟ್ಟದ್ದು ಸಾಹೇಬರ ಕೆಮ್ಮಿನಿಂದ. ಊಟದ ಬಿಡುವಿನಲ್ಲಿ ಕೂತು ತನ್ನ ಕಾದಂಬರಿಯ ಕೊನೆಯ ಅಧ್ಯಾಯ ತಿದ್ದುತ್ತಿದ್ದ. ಬಾಗಿಲಲ್ಲಿ ಆ ಕೆಮ್ಮು ಕೇಳಿದ್ದೇ ತಡ, ಹನ್ನೊಂದು ಹಾಳೆಗಳನ್ನೂ ಕೈಗೆ ಸಿಕ್ಕ ಕಡತದೊಳಗೆ ತುರುಕಿದ. ಅದು ಅಕ್ಕಪಕ್ಕದ ಮನೆಯ ಇಬ್ಬರು ಗಂಡಸರ ಗೋಡೆ ತಗಾದೆಯ ಕಡತ. ಸಾಹೇಬರು ಅತ್ತ ಹೋಗುವಷ್ಟರಲ್ಲಿ ಜವಾನ ಅದನ್ನೆತ್ತಿ ಮುಂದಿನ ಮೇಜಿಗೆ ಮುಟ್ಟಿಸಿಯಾಗಿತ್ತು.

ಗಂಡಸು ಗಂಡಸನ್ನು ಪ್ರೀತಿಸುವ ಕತೆಗಳನ್ನು ಆತ ಬೇರೆ ಹೆಸರಿನಲ್ಲಿ ಬರೆಯುತ್ತ ಬಂದು ಒಂಬತ್ತು ವರ್ಷ. ಆರು ಪುಸ್ತಕ ಬಂದರೂ ಕಚೇರಿಯಲ್ಲಿ ಒಬ್ಬರಿಗೂ ಸುಳಿವಿಲ್ಲ. ಏಳನೆಯದರ ಕೊನೆ ಅಂದೇ ಸಂಜೆ ಐದರೊಳಗೆ ಕೈಸೇರದಿದ್ದರೆ ಪುಸ್ತಕವನ್ನೇ ಕೈಬಿಡುವುದಾಗಿ ಪ್ರಕಾಶಕಿ ಹೇಳಿದ್ದಳು. ಬೇರೆ ಪ್ರತಿ ಇರಲಿಲ್ಲ.

"ಅಣ್ಣಾ, ಆ ಫೈಲು ಒಂದ್ನಿಮಿಷ ವಾಪಸ್ ಕೊಡಿ."

"ಮೇಲಕ್ಕೆ ಹೋಗಿದ್ದು ಕೆಳಕ್ಕೆ ಬರೋದು ಸಾಹೇಬ್ರ ಸಹಿ ಆದ್ಮೇಲೇ. ನಿಮಗೆ ಹೊಸದಾ?" ಎಂದ ಜವಾನ.

ಅಲ್ಲಿಯ ಪದ್ಧತಿಯೇ ಹಾಗೆ. ಕಡತ ಬಂದ ಪ್ರತಿ ಮೇಜಿನವರೂ ಅಂಚಿನಲ್ಲಿ ಒಂದು ಅಭಿಪ್ರಾಯ ಗೀಚಿ ಸಹಿ ಹಾಕಲೇಬೇಕು.

ಟಪಾಲಿನ ಅಕ್ಕ ಕನ್ನಡಕ ಏರಿಸಿ ಓದುತ್ತಿದ್ದಳು. ಪಾಪ, ಗುಮಾಸ್ತ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಅವಳ ಮೇಜಿನ ಸುತ್ತ ಶತಪಥ ಹಾಕಿದ.

"ಯಾಕೋ ಬೆವರ್ತಿದೀಯ? ಹೇಳಿಕೆ ಅಂದ್ರೆ ಹೀಗಿರ್ಬೇಕು ನೋಡು. ಈ ಗೋಡೆ ಜಗಳದೋರು ಎಂಟು ವರ್ಷ ಒಟ್ಟಿಗೆ ಬಾಳಿದೋರಂತೆ. ಗಡಿಯಾರ ರಿಪೇರಿಯೋನು ಮನೆ ಬಿಟ್ಟು ಹೊರಟಿದಾನೆ, ಮೇಷ್ಟ್ರು ಅವನ ಶರ್ಟು ಹಿಡ್ಕೊಂಡು ಸುಮ್ನೆ ನಿಂತಿದಾನೆ. ಹೋಗ್ಬೇಡ ಅನ್ನೋಕೇನು ರೋಗ?"

"ಅಕ್ಕಾ, ಅದು... ಮೌನದಲ್ಲೇ ಎಲ್ಲಾ ಇದೆ."

"ಮೌನದಲ್ಲಿ ಏನಿದೆ, ಮಣ್ಣು." ಅಕ್ಕ ಕಣ್ಣೊರೆಸಿಕೊಂಡು ಅಂಚಿನಲ್ಲಿ ಬರೆದಳು: 'ಎರಡನೇ ಅರ್ಜಿದಾರರು ಬಾಯಿ ಬಿಡತಕ್ಕದ್ದು.'

ಗುಮಾಸ್ತನಿಗೆ ತಲೆಬುಡ ತಿಳಿಯಲಿಲ್ಲ. ಛೀಮಾರಿಗೆ ಬೆನ್ನೊಡ್ಡಿ ನಿಂತಿದ್ದರೆ ಇಲ್ಲಿ ಕಣ್ಣೀರು. ಮುಂದಿನ ಮೇಜಿನ ಸರ್ವೆಯವನು ಇನ್ನೂ ಒಂದು ಕೈ ಮೇಲೆ.

"ಬಾಗಿಲಿಂದ ಗೇಟಿಗೆ ಹದಿನಾಲ್ಕು ಹೆಜ್ಜೆ ಅಂತೆ. ಅಷ್ಟರೊಳಗೆ ಹೋಗೋನು ಒಂದ್ಸಲಾನೂ ತಿರುಗಿ ನೋಡ್ಲಿಲ್ವಂತೆ. ನಂಬೋ ಮಾತೇನ್ರೀ?" ಎಂದವನೇ ಬರೆದ: 'ಸ್ಥಳ ತನಿಖೆ ಅಗತ್ಯ. ಹೃದಯ ಕಲ್ಲಲ್ಲ.'

ನಾಲ್ಕೂವರೆಗೆ ಸಾಹೇಬರ ಕೋಣೆಯಿಂದ ಕರೆ ಬಂತು.

"ಇದು ನಿಮ್ಮ ಮೇಜಿಂದ ಬಂದಿದ್ದೇನ್ರೀ?"

"ತಪ್ಪಾಯ್ತು ಸಾರ್."

"ತಪ್ಪು ಅವರಿಬ್ರದ್ದು. ಗೋಡೆ ಆಮೇಲೆ ನೋಡೋಣ." ಸಾಹೇಬರು ಮೂಗು ಒರೆಸಿಕೊಂಡು ಬರೆದರು: 'ಒಂದೇ ಮನೆಯಲ್ಲಿ ಬಾಳಲು ಅನುಮೋದಿಸಿದೆ.' ಕೆಳಗೆ ಸಹಿ, ಮೊಹರು.

ಕಡತ ಕೆಳಗಿಳಿಯಿತು. ಗುಮಾಸ್ತ ಹಾಳೆಗಳನ್ನು ಕಿತ್ತುಕೊಂಡು ಓಡಿದ. ಐದಕ್ಕೆ ನಾಲ್ಕು ನಿಮಿಷ ಇರುವಾಗ ಪ್ರಕಾಶಕಿಯ ಮುಂದೆ ಏದುಸಿರು ಬಿಡುತ್ತ ನಿಂತ. ಅವಳು ಓದಿದಳು, ನಕ್ಕಳು, ಮತ್ತೆ ಓದಿದಳು, ಅತ್ತೇಬಿಟ್ಟಳು. ಒಂಬತ್ತು ವರ್ಷದಲ್ಲಿ ಅವಳು ಹೀಗೆ ಅತ್ತಿದ್ದನ್ನು ಅವನು ಕಂಡಿರಲಿಲ್ಲ.

"ಅದ್ಭುತವಾಗಿದೆ."

"ನಿಜವಾಗ್ಲೂನಾ ಮೇಡಂ?"

"ಈ ಅಂಚಿನಲ್ಲಿರೋದು. ನಡುವೆ ನೀವು ಬರೆದಿರೋದನ್ನ ತೆಗೆದ್ಬಿಡೋಣ. ಆರು ಪುಸ್ತಕದಲ್ಲೂ ಒಬ್ಬ ಹೋಗ್ತಾನೆ, ಇನ್ನೊಬ್ಬ ಸುಮ್ನೆ ನಿಂತಿರ್ತಾನೆ. ಇಲ್ಲಿ ಬಾಯಿ ಬಿಡತಕ್ಕದ್ದು ಅಂದಿದಾರಲ್ಲ, ಅವರ್ಯಾರು?"

"ನಮ್ಮ ಕಚೇರಿ ಅಕ್ಕ."

"ನಾಳೆ ಕರ್ಕೊಂಡ್ಬನ್ನಿ. ಇನ್ಮೇಲೆ ಅವರು ಕತೆ ಹೇಳ್ಲಿ." ಪ್ರಕಾಶಕಿ ಅವನ ಮುಖ ನೋಡಿ ಸಮಾಧಾನ ಮಾಡಿದಳು. "ಬೇಜಾರಾಗ್ಬೇಡಿ. ನಿಮ್ಮ ಅಕ್ಷರ ದುಂಡಗಿದೆ. ಬರ್ಕೊಳ್ಳೋಕೆ ಒಬ್ಬರು ಗುಮಾಸ್ತರು ಬೇಕೇ ಬೇಕಲ್ಲ."