ಮಾವಶಿಯ ಮೂಗಿನ ತಪಾಸಣೆ

ಮೀರಜಿನ ನಮ್ಮ ಮಾವಶಿ ಮಕ್ಕಳ ಮುಖ ಮರೆತಾರು, ಮೂಗು ಮಾತ್ರ ಮರೆಯರು! ಮಾವಶಿ ಎಂದರೆ ನನ್ನ ಅವ್ವನ ತಂಗಿ. ವಯಸ್ಸು ಎಪ್ಪತ್ತು, ಓದು ನಾಲ್ಕನೆಯ ಇಯತ್ತೆ. ಆದರೆ ಕೋವಿಡ್, ಫ್ಲೂ, ಕೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಮೂರನ್ನೂ ಮನೆಯಲ್ಲೇ ಪತ್ತೆ ಹಚ್ಚುವ ಕಿಟ್ಟು ಅವರ ಕೈಗೆ ಬಂದ ದಿನದಿಂದ, ನಮ್ಮ ಬಳಗದಲ್ಲಿ ಯಾವ ಮಗುವೂ ನಿಶ್ಚಿಂತೆಯಿಂದ ಸೀನಿಲ್ಲ.

ನಾವು ಪಕ್ಕದೂರು ಕುಪವಾಡದಿಂದ ಅವರ ಮನೆಗೆ ಹೋದರೆ ಬಾಗಿಲಲ್ಲೇ ತಪಾಸಣೆ. "ಬರ್ರಿ, ಕುಂದ್ರಿ" ದೊಡ್ಡವರಿಗೆ, ಮಕ್ಕಳಿಗೆ "ಮೂಗ ಮ್ಯಾಲ ಮಾಡು!" ಮೂಗಿನೊಳಗೆ ಕಡ್ಡಿ ತಿರುಗಿ, ಪಟ್ಟಿಯ ಮೇಲೆ ಹನಿ ಬಿದ್ದು, ಹದಿನೈದು ನಿಮಿಷ ಕಳೆಯುವ ತನಕ ಯಾರಿಗೂ ಚಹಾ ಇಲ್ಲ!

"ಮಾವಶಿ, ಹುಡುಗ ಬರೇ ಧೂಳಿಗೆ ಸೀನ್ಯಾನರಿ."

"ಯಾಕ, ಧೂಳು ಬಂದು ನಿನಗ ಹೇಳಿತೇನು?"

ಒಮ್ಮೆ ನನ್ನ ದೊಡ್ಡ ಮಗ ಗಣಿತದ ಪರೀಕ್ಷೆ ತಪ್ಪಿಸಿಕೊಳ್ಳಲು ಪಟ್ಟಿಯ ಮೇಲೆ ಗುಟ್ಟಾಗಿ ಲಿಂಬೆರಸ ಹಿಂಡಿದ. ಇದ್ದಬಿದ್ದ ಗೆರೆಗಳೆಲ್ಲ ಮೂಡಿದವು. "ಅರೆ ದೇವಾ, ಮೂರೂ ಒಮ್ಮೆಗೇ!" ಎಂದು ಮಾವಶಿ ಅವನನ್ನು ಮಾಳಿಗೆಯ ಕೋಣೆಯಲ್ಲಿ ಕೂಡಿಹಾಕಿ ಮೆಣಸಿನ ಕಷಾಯ ಶುರುಮಾಡಿದರು. ಎರಡನೆಯ ದಿನವೇ ಅವನು ಕಿಟಕಿಯಿಂದ ಕೂಗಿದ: "ಆಜಿ, ಅದು ಲಿಂಬಿಹಣ್ಣರಿ! ನಾ ಪರೀಕ್ಷಾಕ್ಕ ಹೋಗ್ತೇನ್ರಿ!"

"ಪಾಪ, ಜ್ವರದಾಗ ಬಡಬಡಸಾಕತ್ಯಾನ" ಎಂದು ಮಾವಶಿ ಇನ್ನೊಂದು ಲೋಟ ಕಳಿಸಿದರು.

ಕಳೆದ ಚಳಿಗಾಲ ಆರು ತಿಂಗಳ ನನ್ನ ಮಗಳಿಗೆ ನೆಗಡಿಯಾಯಿತು. ನಾನು ಹಗುರಾಗಿ ತೆಗೆದುಕೊಂಡೆ. ಮಾವಶಿ ಕಿಟ್ಟು ಹಿಡಿದು ಬಂದರು. ಆರ್‌ಎಸ್‌ವಿಯ ಗೆರೆ ಮೂಡಿತು. ಕೂಸಿನ ಅಂಗಿ ಎತ್ತಿದರು; ಉಸಿರಿಗೊಮ್ಮೆ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. "ರಿಕ್ಷಾ ಕರಿ!" ಎಂದು ಚೀರಿದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿದರು. "ವೇಳೆಗೆ ತಂದ್ರಿ, ಆರಾಮ ಆಗತಾಳ" ಎಂದರು ಡಾಕ್ಟರು.

ಹೊರಗಿನ ಬೆಂಚಿನ ಮೇಲೆ ಮಾವಶಿ ನನ್ನ ಪಕ್ಕಕ್ಕೆ ಬಂದು ಕೂತರು. ಆಮೇಲೆ ಮೆಲ್ಲಗೆ ಹೇಳಿದರು: "ನೀವೆಲ್ಲಾ ಹುಟ್ಟೂಕಿಂತ ಮೊದಲ ನನಗೊಂದು ಹೆಣ್ಣಕೂಸು ಇತ್ತು. ನಿನ್ನ ಮಗಳಷ್ಟ ಇತ್ತು. ಬರೇ ನೆಗಡಿ ಅಂತ ಅಜವಾನದ ಶಾಖಾ ಕೊಟ್ಟೆ. ಮೂರ ದಿನಕ್ಕ ಹೋತು. ಏನಾಗಿತ್ತಂತ ಇವತ್ತಿಗೂ ಗೊತ್ತಿಲ್ಲ."

ಇಷ್ಟು ವರ್ಷದಲ್ಲಿ ಈ ಮಾತನ್ನು ಮನೆಯಲ್ಲಿ ಯಾರೂ ಆಡಿದ್ದಿಲ್ಲ.

"ಏನು ಹೆಸರಿಟ್ಟಿದ್ರಿ, ಮಾವಶಿ?"

"ನೀಲವ್ವ" ಎಂದವರೇ ಸೆರಗಿನಿಂದ ಮೂಗು ಒರೆಸಿಕೊಂಡರು. ನಾನು ನೋಡುತ್ತಿರುವುದು ಕಂಡು, "ನೆಗಡಿ ಅಲ್ಲೋ ಇದು. ಅಂಜಬ್ಯಾಡ" ಎಂದರು.