ಕಮಲಾಪುರದ ನಿಲ್ಲದ ಎಂಜಿನ್

ಕಮಲಾಪುರದ ಕೆಂಬಾಳೆ ಸಾಗಾಟ ಸಂಘವು ಕೊಂಡಿರುವ ಹಳೆಯ ಪಿಕಪ್ ಗಾಡಿಯ ಎಂಜಿನ್ ಕಳೆದೊಂದು ವರ್ಷದಿಂದ ಒಂದು ಗಳಿಗೆಯೂ ನಿಂತಿಲ್ಲ. ಹಳೆಯ ಗಾಡಿಗಳ ಎಂಜಿನ್ನನ್ನು ನಂಬಲಾಗದು ಎನ್ನುವವರ ಗಮನಕ್ಕೆ ಇದನ್ನು ತರಲಾಗಿದೆ.

ಗಾಡಿ ಬೇಕೆಂದು ಮೊದಲು ಕೇಳಿದವರು ಸಂಘದ ಸದಸ್ಯೆ ಪುತಳಾಬಾಯಿ. ಅವರ ತೋಟದ ಹಣ್ಣು ಬಾಡಿಗೆ ಟೆಂಪೋದಲ್ಲಿ ಉಳ್ಳಾಗಡ್ಡಿ ಚೀಲಗಳ ಕೆಳಗೆ ಕುಳಿತು ಕಲಬುರಗಿಗೆ ಹೋಗುತ್ತಿತ್ತು. ಮುಟ್ಟುವ ಹೊತ್ತಿಗೆ ಅರ್ಧ ಹಣ್ಣು ಹಿಸುಕಿ ಹೋಗಿರುತ್ತಿತ್ತು. ಅಧ್ಯಕ್ಷ ಮರೆಪ್ಪನವರು ಅವರ ಮಾತನ್ನು ಸಹಾನುಭೂತಿಯಿಂದ ಆಲಿಸಿ, ಖರೀದಿ ಉಪಸಮಿತಿಯೊಂದನ್ನು ನೇಮಿಸಿದರು. ಅದರಲ್ಲಿ ಮರೆಪ್ಪನವರು ಇದ್ದರು, ಅವರ ಭಾವಮೈದುನ ಮಾಪಣ್ಣ ಇದ್ದರು, ಕೇಳಿದ ತಪ್ಪಿಗೆ ಪುತಳಾಬಾಯಿಯವರೂ ಇದ್ದರು. ಚಾಲಕ ಅಲ್ಲಾಬಕ್ಷನನ್ನು ಜೊತೆಗೆ ಕರೆದೊಯ್ಯಲಾಯಿತು. ಆದರೆ ನಾಳೆ ಆ ಗಾಡಿ ಓಡಿಸುವವನು ಅವನೇ ಆದುದರಿಂದ ಅವನ ಅಭಿಪ್ರಾಯ ನಿಷ್ಪಕ್ಷಪಾತವಾಗಿರಲಾರದೆಂದು, ಮಾತಾಡಬಾರದು ಎಂಬ ಷರತ್ತು ವಿಧಿಸಲಾಗಿತ್ತು.

ಕಪನೂರದಲ್ಲಿ ಹಳೆಯ ಗಾಡಿ ಮಾರುವ ಅಜಿತನ ಶೆಡ್ಡಿಗೆ ಸಮಿತಿ ಮುಟ್ಟಿದಾಗ ಪಿಕಪ್ಪಿನ ಎಂಜಿನ್ ಆಗಲೇ ಗುಡುಗುಡು ಎನ್ನುತ್ತಿತ್ತು.

"ಮುಂಜಾನಿಂದ ಚಾಲೂನೇ ಇಟ್ಟೀನ್ರಿ," ಎಂದ ಅಜಿತ. "ನಿಮ್ಮಂಥ ದೊಡ್ಡವರನ್ನ ಕಾಯಿಸೋದು ಬರೋಬರ್ ಅನಸಲಿಲ್ಲ."

ಈ ಮರ್ಯಾದೆಗೆ ಮರೆಪ್ಪನವರು ಸಂತೋಷಪಟ್ಟರು. ಪುತಳಾಬಾಯಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಥಟ್ಟನೆ ಹಿಂದೆಗೆದುಕೊಂಡರು.

"ಭಾಳ ಕಾದದ. ಒಮ್ಮೆ ಬಂದ್ ಮಾಡ್ರಿ. ತಣ್ಣಗಾದ ಮ್ಯಾಲ ಮತ್ತ ಚಾಲೂ ಮಾಡಿ ತೋರಸ್ರಿ."

"ಬಂದ್ ಮಾಡಾಕ ನನಗೇನು ತಕಲೀಫ್ ಇಲ್ರಿ ಅಕ್ಕಾರ," ಎಂದ ಅಜಿತ. "ಆದ್ರ ನೀವು ಓಡೋ ಗಾಡಿ ತಗೊಳ್ಳಾಕ ಬಂದೀರೋ, ನಿಂತ ಗಾಡಿ ತಗೊಳ್ಳಾಕ ಬಂದೀರೋ?"

ಪ್ರಶ್ನೆ ಮೂಲಭೂತವಾಗಿತ್ತು. ಮರೆಪ್ಪನವರು ಸಂಘದ ಠರಾವನ್ನು ನೆನಪಿಸಿಕೊಂಡರು. ಅದರಲ್ಲಿ 'ಚಾಲನೆಯಲ್ಲಿರುವ ವಾಹನ' ಎಂದಿತ್ತು. ಬಂದ್ ಮಾಡಿದರೆ ಅದು ಚಾಲನೆಯಲ್ಲಿರುವ ವಾಹನವಾಗಿ ಉಳಿಯುವುದಿಲ್ಲ, ಅದನ್ನು ಕೊಳ್ಳುವುದು ಠರಾವಿನ ಉಲ್ಲಂಘನೆಯಾಗುತ್ತದೆ. ಆದ್ದರಿಂದ ಪುತಳಾಬಾಯಿಯವರ ಬೇಡಿಕೆಯನ್ನು ವಿಷಾದದಿಂದ ತಳ್ಳಿಹಾಕಲಾಯಿತು.

ಗೇರುಗಳ ಪರೀಕ್ಷೆಯನ್ನು ಮಾಪಣ್ಣ ನಡೆಸಿದರು. ಗಾಡಿ ಶೆಡ್ಡಿನಿಂದ ಹೊರಬಿದ್ದು ಹುಮನಾಬಾದ್ ರಸ್ತೆ ಹಿಡಿಯಿತು. ಮೂರನೇ ಗೇರು ಬಿದ್ದದ್ದೇ ತಡ, ಗೇರಿನ ದಾಂಡು ಛಂಗನೆ ನ್ಯೂಟ್ರಲ್ಲಿಗೆ ಜಿಗಿಯಿತು. ಗಾಡಿಯ ಹಿಂಬದಿಯಲ್ಲಿ ನಿಂತಿದ್ದ ಅಲ್ಲಾಬಕ್ಷ ಜೋರಾಗಿ ಕೆಮ್ಮಿದ. ಕೆಮ್ಮನ್ನು ನಡಾವಳಿಯಲ್ಲಿ ಸೇರಿಸಲಿಲ್ಲ.

"ಕೈ ಒತ್ತಿ ಹಿಡಕೊಂಡ್ರ ಎಲ್ಲೂ ಹೋಗಂಗಿಲ್ರಿ," ಎಂದ ಅಜಿತ.

ಮಾಪಣ್ಣ ಒತ್ತಿ ಹಿಡಿದರು. ಎಲ್ಲೂ ಹೋಗಲಿಲ್ಲ. ಎಂಜಿನ್ ಇದೆ, ಗೇರುಗಳೂ ಇವೆ ಎಂದು ಉಪಸಮಿತಿ ವರದಿ ನೀಡಿತು. ಆ ದಿನವೇ ಖರೀದಿ ಮುಗಿಯಿತು.

ಸಂಜೆ ಕಮಲಾಪುರದಲ್ಲಿ ಅಲ್ಲಾಬಕ್ಷ ಎಲ್ಲ ಚಾಲಕರಂತೆ ಎಂಜಿನ್ ಬಂದ್ ಮಾಡಿ ಮನೆಗೆ ಹೋದ. ಮರುದಿನ ಬೆಳಗ್ಗೆ ಪುತಳಾಬಾಯಿಯವರ ಹಂಗಾಮಿನ ಮೊದಲ ಕೊಯ್ಲು ಗಾಡಿ ಏರಿತು. ಗಾಡಿ ಚಾಲೂ ಆಗಲಿಲ್ಲ. ಕೀಲಿ ತಿರುವಿದರು, ನೂಕಿದರು, ಮರೆಪ್ಪನವರು ಕಾಯಿ ಒಡೆಸಿದರು. ಪುತಳಾಬಾಯಿ ತಮ್ಮ ಹಳೆಯ ಸೀರೆಯೊಂದನ್ನು ಹಣ್ಣಿನ ಮೇಲೆ ಹೊದಿಸಿ, ಬಿಸಿಲಿಗೆ ಬೆನ್ನು ಕೊಟ್ಟು ಗಾಡಿಯಲ್ಲೇ ಕುಳಿತರು. ಸಂಜೆಗೆ ಕೆಂಪು ಸಿಪ್ಪೆ ಕಪ್ಪಾಗಿತ್ತು. ಅವರು ಗೊನೆಗಳನ್ನು ಇಳಿಸಿ ಎಮ್ಮೆಗಳ ಮುಂದೆ ಹಾಕಿದರು. ಕಣ್ಣು ಒರೆಸಿಕೊಂಡದ್ದನ್ನು ಬೆವರು ಎಂದು ಎಲ್ಲರೂ ತಿಳಿದರು.

"ನಾ ನಿನ್ನೇನೇ ಹೇಳಿದ್ದೆ," ಎಂದರು ಪುತಳಾಬಾಯಿ.

"ಹೇಳಿದ್ರಿ. ನಾವೂ ಕೇಳಿಸ್ಕೊಂಡಿದ್ವಿ," ಎಂದು ಮರೆಪ್ಪನವರು ಒಪ್ಪಿಕೊಂಡರು.

ಫೋನಿನಲ್ಲಿ ಅಜಿತ ನೊಂದುಕೊಂಡ. "ಬಂದ್ ಯಾಕ ಮಾಡಿದ್ರಿ? ನಾ ಬಂದ್ ಮಾಡಿದ್ದು ನೀವು ನೋಡಿದ್ರೇನು?"

ನೋಡಿರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದಾಗ ಎಂಜಿನ್ ಹೊಗೆ ಉಗುಳಿ ಎದ್ದಿತು. ಕೂಡಲೇ ತುರ್ತು ಸಭೆ ಸೇರಿತು. ಇನ್ನು ಮುಂದೆ ಎಂಜಿನ್ ನಿಲ್ಲಿಸುವುದು ಸಂಘದ್ರೋಹವೆಂದು ಘೋಷಿಸಲಾಯಿತು. ಕಾಲು ತೆಗೆದರೆ ಎಂಜಿನ್ ತಾನೇ ಸಾಯುತ್ತಿದ್ದುದರಿಂದ ಎಕ್ಸಲರೇಟರ್ ಒತ್ತಿ ಕೂರಲು 'ಎಂಜಿನ್ ಪಾಲಕ' ಎಂಬ ಹುದ್ದೆಗಳು ಪಾಳಿಯ ಮೇಲೆ ಸೃಷ್ಟಿಯಾದವು. 'ಗೇರು ಧಾರಕ' ಹುದ್ದೆಗೆ ಅನುಭವದ ಆಧಾರದ ಮೇಲೆ ಮಾಪಣ್ಣ ಆಯ್ಕೆಯಾದರು. ಸಂಬಳವನ್ನು ಹಣ್ಣಿನ ದುಡ್ಡಿನಲ್ಲಿ ಮುರಿದುಕೊಳ್ಳುವುದೆಂದು ತೀರ್ಮಾನವಾಯಿತು.

ಆದರೆ ಬಂಕಿನವರು ಎಂಜಿನ್ ಬಂದ್ ಮಾಡದೆ ಡೀಸೆಲ್ ಹಾಕುವುದಿಲ್ಲ ಎಂದರು. ಅವರಿಗೂ ನಿಯಮಗಳಿರುತ್ತವೆ. ಹೀಗಾಗಿ ಪಿಕಪ್ಪನ್ನು ಸಂಘದ ಕಚೇರಿಯ ಮುಂದೆಯೇ ನಿಲ್ಲಿಸಿ ಓಡಿಸಲಾಗುತ್ತಿದೆ. ಹಣ್ಣು ಎಂದಿನ ಬಾಡಿಗೆ ಟೆಂಪೋದಲ್ಲಿ ಕಲಬುರಗಿಗೆ ಹೋಗುತ್ತದೆ. ಅದೇ ಟೆಂಪೋ ಮರಳುವಾಗ ಪಿಕಪ್ಪಿಗೆ ಕ್ಯಾನುಗಳಲ್ಲಿ ಡೀಸೆಲ್ ತರುತ್ತದೆ. ಡೀಸೆಲ್ ಚೆಲ್ಲಬಾರದೆಂದು ಕ್ಯಾನುಗಳನ್ನು ಮೆತ್ತನೆಯ ಹುಲ್ಲಿನಲ್ಲಿ ಇಡಲಾಗುತ್ತದೆ.

ಹಣ್ಣಿನ ದುಡ್ಡೆಲ್ಲ ಎಂಜಿನ್ನಿಗೇ ಹೋಗತೊಡಗಿದಾಗ, ಒಂದು ಮಧ್ಯಾಹ್ನ ಪುತಳಾಬಾಯಿ ನೇರವಾಗಿ ಬಂದು ಗಾಡಿಯ ಬಾಗಿಲು ತೆರೆದು ಕೀಲಿಯ ಮೇಲೆ ಕೈ ಇಟ್ಟರು. ಪಾಳಿಯಲ್ಲಿ ಕುಳಿತಿದ್ದ ಅಲ್ಲಾಬಕ್ಷ ತಡೆಯಲಿಲ್ಲ.

"ಅಕ್ಕಾ, ನೀವು ಬಂದ್ ಮಾಡಿದ್ರ ನಾ ಬ್ಯಾಡ ಅನ್ನಂಗಿಲ್ಲ," ಎಂದ. "ಆದ್ರ ಮುಂಜಾನಿ ಪಾಳಿ ನನ್ನ ಮನಿಯಾಕಿದು ಅದ. ನಿಮ್ಮ ಓಣ್ಯಾಗ ನಾಕು ಮನಿಗೆ ಇದರ ಮ್ಯಾಲೇ ಒಲಿ ಹತ್ತತದ."

ಪುತಳಾಬಾಯಿ ಸುತ್ತ ನೋಡಿದರು. ಪಾಳಿ ಬದಲಿಸಲು ಬಂದವರು ಬುತ್ತಿ ಹಿಡಿದು ನಿಂತಿದ್ದರು. ಎಲ್ಲರೂ ಅವರಂತೆಯೇ ಬಾಳೆ ಬೆಳೆದವರು. ಅವರು ಕೀಲಿಯಿಂದ ಕೈ ತೆಗೆದರು.

ಅಷ್ಟರಲ್ಲಿ ಮರೆಪ್ಪನವರು ಕಚೇರಿಯಿಂದ ಹೊರಬಂದರು. "ಅಕ್ಕಾರ, ಮಧ್ಯಾಹ್ನದ ಪಾಳಿ ಒಂದು ಖಾಲಿ ಅದ. ಸಂಬಳ ತಿಂಗಳಾ ತಿಂಗಳಾ ಬರತದ."

"ನನ್ನ ತೋಟ?"

"ತೋಟದಾಗ ಏನು ಬರತದ?"

ಅದಕ್ಕೆ ಉತ್ತರ ಅವರಿಗೆ ಗೊತ್ತಿತ್ತು. ಅಲ್ಲಾಬಕ್ಷ ಸರಿದು ಜಾಗ ಕೊಟ್ಟ. ಕಾಲು ಬದಲಾಗುವಾಗ ಎಂಜಿನ್ ಒಂದಿಷ್ಟು ತೊದಲಿತು, ಮತ್ತೆ ಸರಿಹೋಯಿತು.

ಈ ವರ್ಷದ ಮಹಾಸಭೆ ಗಾಡಿಯ ಸುತ್ತಲೇ ನಡೆಯಿತು, ಏಕೆಂದರೆ ಸದಸ್ಯರೆಲ್ಲ ಕರ್ತವ್ಯದ ಮೇಲಿದ್ದರು. ಬಾಳೆ ಬೆಳೆಯುವುದರಿಂದ ಪಾಳಿಗಳಿಗೆ ಅಡ್ಡಿಯಾಗುತ್ತಿದ್ದು, ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂಬ ಠರಾವನ್ನು ಮರೆಪ್ಪನವರು ಮಂಡಿಸಿದರು. ಆಕ್ಷೇಪವಿದ್ದವರು ಹೇಳಬಹುದು ಎಂದರು. ಎಂಜಿನ್ನಿನ ಸದ್ದಿನಲ್ಲಿ ಯಾವ ಆಕ್ಷೇಪವೂ ಕೇಳಿಸಲಿಲ್ಲ. ಪರವಾಗಿರುವವರು ಕೈ ಎತ್ತಬೇಕೆಂದಾಗ ಎಲ್ಲರೂ ಎತ್ತಿದರು. ಗಾಡಿಯ ಕಿಟಕಿಯಿಂದ ಪುತಳಾಬಾಯಿಯವರೂ ಕೈ ಎತ್ತಿದರು. ಕಾಲು ಎತ್ತಲಿಲ್ಲ.